ಹಾಯಿ ಇಳಿಸಿದ ಮೇಲೆ ದೋಣಿಗೆ ಯಾರು ದಿಕ್ಕು? ಎರಡನೇ ಎಂಜಿನ್‌ನ ಇತಿಹಾಸ

1/10
"ಒಂದು ಎಂಜಿನ್‌ಗೆ ಸೀಮೆಎಣ್ಣೆ ಹಾಕಿಯೇ ಪೂರೈಸುವುದಿಲ್ಲ, ಇನ್ನೊಂದು ಎಂತಕ್ಕೆ ಮಾರಾಯ್ರೆ?"
ನಾಡದೋಣಿ ಇರುವ ಮನೆಯಲ್ಲಿ ಸ್ಪೇರ್ ಎಂಜಿನ್ ಮಾತು ಬಂದ್ರೆ ಮೊದಲು ಕೇಳಿಬರುವ ಪ್ರಶ್ನೆ ಇದು. ಪ್ರಶ್ನೆ ನ್ಯಾಯವಾದದ್ದೇ. ಔಟ್‌ಬೋರ್ಡ್ ಎಂಜಿನ್ ಅಂದ್ರೆ ಸಣ್ಣ ದುಡ್ಡಲ್ಲ. ಆದ್ರೆ ಇದಕ್ಕೆ ಉತ್ತರ ಅಂಗಡಿಯ ರೇಟ್ ಲಿಸ್ಟ್‌ನಲ್ಲಿ ಸಿಗುವುದಿಲ್ಲ, ಸುಮಾರು 200 ವರ್ಷದ ಇತಿಹಾಸದಲ್ಲಿ ಸಿಗುತ್ತೆ. ಈ ಸರಣಿಯಲ್ಲಿ ಮೊದಲು ಆ ಕಥೆ, ಆಮೇಲೆ ಯಾವ ಎಂಜಿನ್ ತಗೋಬೇಕು ಅನ್ನೋ ಲೆಕ್ಕ. ನಿಮ್ಮ ಮನೆಯಲ್ಲಿ ದೋಣಿ ಇಲ್ಲದಿದ್ರೂ ಓದಿ. ನೀವು ತಿನ್ನುವ ಬಂಗುಡೆ ಹಿಂದೆ ಈ ಲೆಕ್ಕ ಇದ್ದೇ ಇರುತ್ತೆ.

2/10
ಕಥೆ ಶುರುವಾಗೋದು 1819ರಲ್ಲಿ. ಅಮೆರಿಕದ ಸವಾನ್ನಾ ಅನ್ನೋ ಬಂದರಿನಿಂದ ಅದೇ ಹೆಸರಿನ ಒಂದು ಹಡಗು ಇಂಗ್ಲೆಂಡಿನ ಲಿವರ್‌ಪೂಲ್‌ಗೆ ಹೊರಟಿತು. ಉಗಿ ಎಂಜಿನ್ ಇಟ್ಟುಕೊಂಡು ಅಟ್ಲಾಂಟಿಕ್ ದಾಟಿದ ಮೊದಲ ಹಡಗು ಅಂತ ಪುಸ್ತಕಗಳಲ್ಲಿ ಓದಿರ್ತೀರಿ. ಆದ್ರೆ ಪೂರ್ತಿ ಕಥೆ ಹೀಗಿದೆ: ಪ್ರಯಾಣ ಸುಮಾರು 29 ದಿನ, ಎಂಜಿನ್ ಓಡಿದ್ದು ಸುಮಾರು 80 ಗಂಟೆ ಮಾತ್ರ. ಉಳಿದ ದಿನವೆಲ್ಲ ಹಡಗು ಹೋದದ್ದು ಹಾಯಿಯ ಮೇಲೆ.
ಇದನ್ನು ಕೇಳಿ ನಗಬೇಡಿ. ಆ ಕಾಲದ ಕಪ್ತಾನರು ಹೊಸ ಯಂತ್ರ ಬಂತು ಅಂತ ಹಳೆಯದನ್ನು ಬಿಸಾಕಲಿಲ್ಲ. ಎಂಜಿನ್ ಕೆಟ್ಟರೆ ಹಾಯಿ, ಗಾಳಿ ಬಿದ್ದರೆ ಎಂಜಿನ್. ಒಂದಕ್ಕೆ ಕಲ್ಲಿದ್ದಲು ಬೇಕು, ಇನ್ನೊಂದಕ್ಕೆ ಗಾಳಿ ಬೇಕು. ಎರಡೂ ಒಟ್ಟಿಗೆ ಕೈಕೊಡುವ ಸಾಧ್ಯತೆ ಕಡಿಮೆ. ಈ ಒಂದು ಮಾತನ್ನು ನೆನಪಲ್ಲಿಡಿ, ಕೊನೆಯವರೆಗೂ ಬೇಕಾಗುತ್ತೆ.

3/10
ಹಾಗಾದ್ರೆ ದೊಡ್ಡ ಹಡಗುಗಳು ಹಾಯಿ ಬಿಟ್ಟಿದ್ದು ಯಾವಾಗ? ಎಂಜಿನ್ ಬಂದ ಕೂಡಲೇ ಅಲ್ಲ. ಸವಾನ್ನಾ ಆಗಿ 70 ವರ್ಷ ಕಳೆದ ಮೇಲೆ!
ಅದಕ್ಕೆ ಮೊದಲು, ಪ್ರೊಪೆಲ್ಲರ್ ಇದ್ದ ಹೆಚ್ಚಿನ ಉಗಿ ಹಡಗುಗಳಿಗೆ ಇದ್ದದ್ದು ಒಂದೇ ಪ್ರೊಪೆಲ್ಲರ್. ಅದರ ಶಾಫ್ಟ್ ನಡುಗಡಲಲ್ಲಿ ತುಂಡಾದ್ರೆ ಕಥೆ ಮುಗೀತು. ಅದಕ್ಕೇ ಕಂಬ, ಹಗ್ಗ, ಹಾಯಿ ಎಲ್ಲ ಹಾಗೇ ಇಟ್ಟುಕೊಂಡರು. 1888ರಲ್ಲಿ 'ಸಿಟಿ ಆಫ್ ನ್ಯೂಯಾರ್ಕ್' ಎರಡು ಪ್ರೊಪೆಲ್ಲರ್ ಇಟ್ಟುಕೊಂಡು ಬಂತು. ಮರುವರ್ಷ ವೈಟ್ ಸ್ಟಾರ್ ಕಂಪನಿಯ 'ಟ್ಯೂಟಾನಿಕ್' ಕೂಡ ಎರಡು ಪ್ರೊಪೆಲ್ಲರ್‌ನೊಂದಿಗೆ ಇಳಿಯಿತು, ಮತ್ತು ಹಳೇ ಹಡಗುಗಳ ಅಡ್ಡಹಾಯಿಗಳು ಅದರಲ್ಲಿ ಇರಲಿಲ್ಲ.
ಗಮನಿಸಿದ್ರಾ? ದೊಡ್ಡ ಹಡಗುಗಳು ಹಾಯಿ ಬಿಟ್ಟದ್ದು ಮೊದಲನೇ ಎಂಜಿನ್ ಬಂದಾಗ ಅಲ್ಲ, ಎರಡನೇದು ಬಂದಾಗ.

4/10
ಈಗ ಸಣ್ಣ ದೋಣಿಯ ಕಥೆ. 1905ರಲ್ಲಿ ಕ್ಯಾಮರಾನ್ ವಾಟರ್‌ಮನ್ ಅನ್ನೋ ಯುವಕ, ಯೇಲ್‌ನಲ್ಲಿ ಕಾನೂನು ಓದಿದವನು, ಮೋಟರ್‌ಸೈಕಲ್ ಎಂಜಿನ್ನಿಂದ ಐಡಿಯಾ ಹೊಳೆದು ದೋಣಿಯ ಹಿಂದೆ ಸಿಕ್ಕಿಸುವ ಮೋಟಾರ್ ಮಾಡಿ ಡೆಟ್ರಾಯಿಟ್‌ನಲ್ಲಿ ಪರೀಕ್ಷೆ ಮಾಡಿದ. ಆದ್ರೆ ಅದನ್ನು ಮನೆಮಾತು ಮಾಡಿದ್ದು ಓಲೆ ಎವಿನ್‌ರೂಡ್. ನಾರ್ವೆಯಲ್ಲಿ ಹುಟ್ಟಿ, ಚಿಕ್ಕವನಿದ್ದಾಗಲೇ ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದವನು. 1909ರಿಂದ ಮಾರಾಟಕ್ಕೆ ಬಂದ ಅವನ ಮೋಟಾರ್ ಕೇವಲ ಒಂದೂವರೆ ಎಚ್‌ಪಿ, ತೂಕ 28 ಕಿಲೋ. ಜಾಹೀರಾತು ನೋಡಿಕೊಂಡದ್ದು ಹೆಂಡತಿ ಬೆಸ್. ಹುಟ್ಟು ಹಾಕುವ ಕಷ್ಟ ಇನ್ನು ಬೇಡ, ಹುಟ್ಟು ಎಸೆದುಬಿಡಿ ಅನ್ನೋದು ಆ ಜಾಹೀರಾತಿನ ಧಾಟಿ.
ಕೆರೆಯಲ್ಲಿ ದೋಣಿ ಬಿಡುವವರಿಗೆ ಅದು ಸರಿ. ಎಂಜಿನ್ ನಿಂತ್ರೂ ದಡ ಕಾಣ್ತಾ ಇರುತ್ತೆ. ಕಡಲಿಗೆ ಹೋಗುವವನು ಅದೇ ಮಾತು ನಂಬಿದ್ರೆ?

5/10
ಇನ್ನು ನಮ್ಮ ಕರಾವಳಿಗೆ ಬರೋಣ.
ಎಂಜಿನ್ ಇಲ್ಲದ ಕಾಲದಲ್ಲಿ ನಮ್ಮವರ ದೋಣಿಗೆ ಮೂರು ಬಲ ಇತ್ತು: ಹಾಯಿ, ಹುಟ್ಟು, ಜನ. ಮಳೆಗಾಲ ಬಿಟ್ಟು ಉಳಿದ ತಿಂಗಳಲ್ಲಿ ಬೆಳಗಿನ ಜಾವ ನೆಲದ ಕಡೆಯಿಂದ ಕಡಲಿಗೆ ಗಾಳಿ ಬೀಸುತ್ತೆ, ಅದರಲ್ಲಿ ಹೋಗೋದು. ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲಕ್ಕೆ ಬೀಸುತ್ತೆ, ಅದರಲ್ಲಿ ಬರೋದು. ಗಾಳಿ ಬಿದ್ದರೆ ಹುಟ್ಟು. ರಂಪಣಿ ಬಲೆ ಎಳೆಯೋಕೆ ಇಡೀ ಕೇರಿಯ ಜನ ದಡದಲ್ಲಿ.
ಭಾರತ–ನಾರ್ವೆ ಯೋಜನೆ 1953ರಲ್ಲಿ ಕೇರಳದ ಕೊಲ್ಲಂ ಹತ್ತಿರದ ನೀಂಡಕರದಲ್ಲಿ ಕೆಲಸ ಶುರು ಮಾಡಿತು. ದೋಣಿಗಳಿಗೆ ಯಂತ್ರ ಕೂರಿಸುವುದು ಅದರ ದೊಡ್ಡ ಕೆಲಸ. 1960ರ ದಶಕದಲ್ಲಿ ಅದು ನಮ್ಮ ಕಾರವಾರಕ್ಕೂ ಬಂತು. ಎವಿನ್‌ರೂಡ್ ಹುಟ್ಟಿದ ದೇಶವೇ ನಮ್ಮ ಕಡಲಿಗೂ ಎಂಜಿನ್ ತಂದದ್ದು ಕಾಕತಾಳೀಯ, ಆದ್ರೆ ಮಜವಾದ ಕಾಕತಾಳೀಯ. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟುಗಳು ಬಂದವು, ರಂಪಣಿ ಸೋತಿತು. ದೊಡ್ಡ ಬೋಟಿನ ಜೊತೆ ಪೈಪೋಟಿಗೆ ನಾಡದೋಣಿಯವರಿಗೂ ಎಂಜಿನ್ ಬೇಕಾಯ್ತು. 1980ರ ದಶಕದಲ್ಲಿ ಕೇರಳದಿಂದ ನಮ್ಮ ತೀರದವರೆಗೆ ಜಪಾನಿನ ಔಟ್‌ಬೋರ್ಡ್‌ಗಳು ಹರಡಿದವು. ಯಮಹಾ ತನ್ನ ಮೊದಲ ಔಟ್‌ಬೋರ್ಡ್ ಮಾಡಿದ್ದು 1960ರಲ್ಲಿ, ಸುಝುಕಿ 1965ರಲ್ಲಿ. ಅಂದ್ರೆ ಎರಡೇ ದಶಕದಲ್ಲಿ ನಮ್ಮ ದಡಕ್ಕೆ ಬಂದು ಮುಟ್ಟಿದವು.

6/10
ಈ ಬದಲಾವಣೆಯಲ್ಲಿ ದುಡಿಮೆ ಹೆಚ್ಚಿತು, ದೂರ ಹೋಗೋದು ಸಾಧ್ಯವಾಯ್ತು, ತೋಳಿನ ನೋವು ಕಡಿಮೆಯಾಯ್ತು. ಅದನ್ನು ಅಲ್ಲಗಳೆಯೋಕೆ ಆಗಲ್ಲ. ಆದ್ರೆ ದೊಡ್ಡ ಹಡಗುಗಳು ಮಾಡಿದ್ದನ್ನು ನಾವು ಉಲ್ಟಾ ಮಾಡಿದೆವು. ಮೊದಲನೇ ಎಂಜಿನ್ ಬಂದ ಕೂಡಲೇ ಹಾಯಿ ಇಳಿಸಿದೆವು. ಈಗ ಹಾಯಿ ಕಟ್ಟಲು ಬರುವ ಹುಡುಗರೇ ಅಪರೂಪ. ಬಲೆ, ಮಂಜುಗಡ್ಡೆ, ಮೀನು ತುಂಬಿದ ಫೈಬರ್ ದೋಣಿಯನ್ನು ಹುಟ್ಟು ಹಾಕಿಕೊಂಡು ಹತ್ತು ಕಿಲೋಮೀಟರ್ ತರೋದು ಆಗುವ ಮಾತಲ್ಲ.
ಒಂದೇ ಎಂಜಿನ್ ನಂಬಿದ್ರೆ ಎಲ್ಲಿಯವರೆಗೆ ಹೋಗಬಹುದು ಅನ್ನೋದಕ್ಕೆ ಜಗತ್ತಿಗೇ ಗೊತ್ತಾದ ಒಂದು ಪ್ರಕರಣ ಇದೆ. 2012ರ ನವೆಂಬರ್‌ನಲ್ಲಿ ಮೆಕ್ಸಿಕೋದ ಪೆಸಿಫಿಕ್ ತೀರದಿಂದ ಆಲ್ವರೆಂಗಾ ಅನ್ನೋ ಮೀನುಗಾರ ಏಳು ಮೀಟರ್‌ನ ಫೈಬರ್ ದೋಣಿಯಲ್ಲಿ ಹೊರಟ. ಔಟ್‌ಬೋರ್ಡ್ ಒಂದೇ. ಬಿರುಗಾಳಿಗೆ ಸಿಕ್ಕಿ ಎಂಜಿನ್ ನಿಂತಿತು, ಆಮೇಲೆ ರೇಡಿಯೋ. ಜೊತೆಗಿದ್ದ ಯುವಕ ನಡುವೆಯೇ ತೀರಿಕೊಂಡ. 438 ದಿನದ ನಂತರ, 2014ರ ಜನವರಿಯಲ್ಲಿ, ಆಲ್ವರೆಂಗಾ ಸಾಗರದ ಆ ಬದಿಯ ಮಾರ್ಷಲ್ ದ್ವೀಪಗಳಲ್ಲಿ ದಡ ಮುಟ್ಟಿದ. ಎರಡನೇ ಎಂಜಿನ್ ಇದ್ದಿದ್ರೆ ಆ ಬಿರುಗಾಳಿಯಲ್ಲಿ ಗೆಲ್ತಿದ್ದ ಅಂತ ಯಾರೂ ಬರೆದುಕೊಡಲ್ಲ. ಒಂದೇ ಇದ್ದಾಗ ಪ್ರಯತ್ನಿಸೋಕೆ ಇನ್ನೊಂದು ದಾರಿಯೇ ಇರಲಿಲ್ಲ ಅನ್ನೋದಂತೂ ನಿಜ.

7/10
ಸರಿ, ಈಗ ಆಯ್ಕೆಯ ಲೆಕ್ಕ. ಮೊದಲು: ಎಷ್ಟು ಎಚ್‌ಪಿ?
"ಮೇನ್ ಎಂಜಿನ್ 25 ಎಚ್‌ಪಿ, ಸ್ಪೇರ್ ಕೂಡ ಅಷ್ಟೇ ಬೇಕು" ಅಂತ ಅನ್ನಿಸೋದು ಸಹಜ. ಬೇಡ. ಇದಕ್ಕೂ ಇತಿಹಾಸದಲ್ಲೇ ಉತ್ತರ ಇದೆ. 1870ರ ದಶಕದ ಆರಂಭದಲ್ಲಿ ವಿಲಿಯಂ ಫ್ರೂಡ್ ಅನ್ನೋ ಇಂಗ್ಲಿಷ್ ಎಂಜಿನಿಯರ್ ಟಾರ್ಕಿ ಊರಲ್ಲಿ ಉದ್ದನೆಯ ನೀರಿನ ತೊಟ್ಟಿ ಕಟ್ಟಿಸಿ ಹಡಗಿನ ಮಾದರಿಗಳನ್ನು ಎಳೆಸಿ ನೋಡಿದ. ನೀರನ್ನು ಸೀಳಿಕೊಂಡು ಹೋಗುವ ದೋಣಿಯ ವೇಗಕ್ಕೂ ಅದರ ಉದ್ದಕ್ಕೂ ಸಂಬಂಧ ಇದೆ ಅಂತ ತೋರಿಸಿದ. ಅದರಿಂದ ಬಂದ ಸುಲಭ ಸೂತ್ರ: ನೀರಿನಲ್ಲಿರುವ ಉದ್ದವನ್ನು ಅಡಿಯಲ್ಲಿ ತಗೊಂಡು ವರ್ಗಮೂಲ ಹಾಕಿ, 1.34ರಿಂದ ಗುಣಿಸಿ. ಉತ್ತರ ನಾಟ್‌ನಲ್ಲಿ ಬರುತ್ತೆ.
25 ಅಡಿಗೆ ವರ್ಗಮೂಲ 5. 5 × 1.34 = 6.7 ನಾಟ್, ಅಂದ್ರೆ ಗಂಟೆಗೆ ಸುಮಾರು 12 ಕಿಲೋಮೀಟರ್. ಆ ಮಿತಿ ಮೀರಿ ಓಡಿಸೋಕೆ ಶಕ್ತಿ ವಿಪರೀತ ಬೇಕು. ಅದರ ಕೆಳಗೆ ಸ್ವಲ್ಪವೇ ಸಾಕು. ಸ್ಪೇರ್ ಎಂಜಿನ್ ಕೆಲಸ ಮೀನಿನ ಗುಂಪು ಬೆನ್ನಟ್ಟೋದಲ್ಲ, ಮನೆಗೆ ತರೋದು. 4 ನಾಟ್ ಸಿಕ್ಕರೆ 10 ಕಿಲೋಮೀಟರ್‌ಗೆ ಸುಮಾರು ಒಂದು ಗಂಟೆ 20 ನಿಮಿಷ. ಇಂಥ ದೋಣಿಗೆ 8ರಿಂದ 9.9 ಎಚ್‌ಪಿ ಸಾಕು. ತೂಕ 40 ಕಿಲೋ ಆಸುಪಾಸು, ಇಬ್ಬರು ಎತ್ತಬಹುದು. ವೇಗದ ಪ್ರೊಪೆಲ್ಲರ್ ಬೇಡ, ಭಾರ ತಳ್ಳುವ ಕಡಿಮೆ ಪಿಚ್‌ನ ಪ್ರೊಪೆಲ್ಲರ್ ಕೇಳಿ ತಗೊಳ್ಳಿ.

8/10
ಎರಡನೇದು: ಯಾವ ಎಣ್ಣೆ? ಸವಾನ್ನಾ ಕಥೆ ಇಲ್ಲಿ ಕೆಲಸಕ್ಕೆ ಬರುತ್ತೆ.
ಹೆಚ್ಚಿನ ನಾಡದೋಣಿ ಎಂಜಿನ್ ಸೀಮೆಎಣ್ಣೆಯದ್ದು. ಸ್ಟಾರ್ಟ್ ಮಾಡೋದು ಪೆಟ್ರೋಲ್‌ನಲ್ಲಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಾಯಿಸೋದು. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲ್. ಸೀಮೆಎಣ್ಣೆ ಪ್ಲಗ್‌ಗೆ ಕರಿ ಹಿಡಿಸುತ್ತೆ. ಎಣ್ಣೆಯಲ್ಲಿ ನೀರು ಸೇರಿದ್ರೆ ಎಂಜಿನ್ ಕೆಮ್ಮಿ ನಿಲ್ಲುತ್ತೆ. ಈಗ ಯೋಚಿಸಿ: ಮೇನ್ ಎಂಜಿನ್ ನಿಂತದ್ದು ಕೆಟ್ಟ ಎಣ್ಣೆಯಿಂದ, ಸ್ಪೇರ್ ಕೂಡ ಅದೇ ಟ್ಯಾಂಕಿಂದ ಕುಡಿಯುತ್ತೆ. ಆಗ ದೋಣಿಯಲ್ಲಿ ಇರೋದು ಎರಡು ಎಂಜಿನ್ ಅಲ್ಲ, ಒಂದೇ ಎಂಜಿನ್ನಿನ ಎರಡು ಪ್ರತಿ.
ಅದಕ್ಕೆ ಸ್ಪೇರ್ ಎಂಜಿನ್ ಪೆಟ್ರೋಲ್‌ನದ್ದಾಗಲಿ. ಅದರ ಕ್ಯಾನ್, ಪೈಪ್, ಫಿಲ್ಟರ್ ಎಲ್ಲ ಬೇರೆಯೇ ಇರಲಿ. ಈ ಗಾತ್ರದ ಎಂಜಿನ್ ಪೂರ್ತಿ ಓಟದಲ್ಲಿ ಗಂಟೆಗೆ ಮೂರ್ನಾಲ್ಕು ಲೀಟರ್ ಕುಡಿಯುತ್ತೆ. ಹಾಗಾಗಿ 10 ಲೀಟರ್ ಮೀಸಲಿಟ್ಟರೆ ಎರಡೂವರೆ ಗಂಟೆ. ಪೆಟ್ರೋಲ್ ಆವಿ ಸೀಮೆಎಣ್ಣೆಗಿಂತ ಎಷ್ಟೋ ಬೇಗ ಬೆಂಕಿ ಹಿಡಿಯುತ್ತೆ. ಕ್ಯಾನ್ ಗಾಳಿ ಆಡುವ ಕಡೆ, ಬೀಡಿ ಮತ್ತು ಒಲೆಯಿಂದ ದೂರ ಇರಬೇಕು. ಟು-ಸ್ಟ್ರೋಕ್ ಆದ್ರೆ ಎಣ್ಣೆ ಬೆರೆಸಿಟ್ಟ ದಿನಾಂಕ ಕ್ಯಾನ್ ಮೇಲೆ ಬರೆಯಿರಿ. ತಿಂಗಳುಗಟ್ಟಲೆ ಇಟ್ಟ ಪೆಟ್ರೋಲ್ ಹಳಸುತ್ತೆ.
ಕಂಪನಿ ಮಾತ್ರ ಮೇನ್ ಎಂಜಿನ್‌ನದ್ದೇ ಇದ್ರೆ ಒಳ್ಳೆಯದು. ಊರಿನ ಮೆಕ್ಯಾನಿಕ್‌ಗೆ ಪರಿಚಯ ಇರುತ್ತೆ, ಸಾಮಾನು ಅದೇ ಅಂಗಡಿಯಲ್ಲಿ ಸಿಗುತ್ತೆ. ರಿಪೇರಿ ಒಂದೇ ಕಡೆ ಇರಲಿ, ಎಣ್ಣೆ ಬೇರೆ ಇರಲಿ.

9/10
ಮೂರನೇದು: ಶಾಫ್ಟ್ ಮತ್ತು ಜಾಗ. ಔಟ್‌ಬೋರ್ಡ್ ಶಾಫ್ಟ್ ಸಾಮಾನ್ಯವಾಗಿ 15, 20, 25 ಇಂಚಿನಲ್ಲಿ ಬರುತ್ತೆ. ಅಗ್ಗಕ್ಕೆ ಸಿಕ್ತು ಅಂತ ಗಿಡ್ಡ ಶಾಫ್ಟ್ ತಂದ್ರೆ ಅಲೆ ಏರಿಳಿಯುವಾಗ ಪ್ರೊಪೆಲ್ಲರ್ ನೀರಿನಿಂದ ಮೇಲೆ ಬಂದು ಸುಮ್ಮನೆ ತಿರುಗುತ್ತೆ. ಎಂಜಿನ್ ಕಟ್ಟುವ ಹಲಗೆಯ ಎತ್ತರ ಅಳೆದುಕೊಂಡೇ ಅಂಗಡಿಗೆ ಹೋಗಿ. ಬಲೆ ಬಿಡುವಾಗ ಸ್ಪೇರ್ ಎಂಜಿನ್ ಮೇಲಕ್ಕೆ ಎತ್ತಿಟ್ಟಿರಬೇಕು. ಮೇನ್ ಪ್ರೊಪೆಲ್ಲರ್‌ಗೆ ಬಲೆ ಸುತ್ತಿದ್ರೂ ಇದು ಉಳಿಯುತ್ತೆ.
ಅಪಾಯ ಹೆಚ್ಚಿರೋದು ನಡುಗಡಲಲ್ಲಿ ಮಾತ್ರ ಅಲ್ಲ, ಅಳಿವೆಯಲ್ಲಿ. ಪಂಚಗಂಗಾವಳಿ ಕಡಲು ಸೇರುವ ಗಂಗೊಳ್ಳಿಯಂಥ ಕಡೆ ಎಂಜಿನ್ ನಿಂತ್ರೆ ಹಗ್ಗ ಎಳೆದು ಎಳೆದು ಸ್ಟಾರ್ಟ್ ಮಾಡುವಷ್ಟು ಸಮಯ ಅಲೆ ಕೊಡಲ್ಲ. ಹಾಗಾಗಿ ಅಳಿವೆ ದಾಟುವ ಮೊದಲೇ ಸ್ಪೇರ್ ಕೆಳಗಿಳಿಸಿ, ಒಮ್ಮೆ ಸ್ಟಾರ್ಟ್ ಮಾಡಿ ಬಿಸಿ ಮಾಡಿಡಿ. ವಾರಕ್ಕೊಮ್ಮೆಯಾದ್ರೂ ಓಡಿಸಿ. ತಿಂಗಳುಗಟ್ಟಲೆ ಓಡಿಸದ ಎಂಜಿನ್ ಬೇಕಾದ ದಿನ ಏಳೋದಿಲ್ಲ.
ಲಂಗರು ಮತ್ತು ಉದ್ದದ ಹಗ್ಗ ಮರೆಯಬೇಡಿ. ಎಂಜಿನ್ ಎರಡೂ ನಿಂತ್ರೆ ದೋಣಿಯನ್ನು ಬಂಡೆಗೆ ಹೋಗದಂತೆ ಹಿಡಿಯೋದು ಅದೇ.

10/10
ಕೊನೆಗೆ ಒಂದು ವಿಷಯ ಹೇಳಲೇಬೇಕು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಕಡಲಿಗೆ ಇಳಿಯೋಕೆ ಅವಕಾಶ ಇರೋದು 10 ಎಚ್‌ಪಿವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ. ಮೀನಿನ ಸಂತಾನಕ್ಕೂ ಸಣ್ಣ ಮೀನುಗಾರರ ಹೊಟ್ಟೆಪಾಡಿಗೂ ಈ ನಿಯಮ ಬೇಕು. ಆದ್ರೆ ಇನ್ನೊಂದು ಕಡೆಯಿಂದ ನೋಡಿ: ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿರುವಾಗ, ವರ್ಷದಲ್ಲೇ ಕಡಲು ಹೆಚ್ಚು ಕೆರಳಿರುವ ಎರಡು ತಿಂಗಳಲ್ಲಿ, ಅತಿ ಸಣ್ಣ ದೋಣಿ ಅತಿ ಸಣ್ಣ ಎಂಜಿನ್ ಇಟ್ಟುಕೊಂಡು ಹೋಗುತ್ತೆ. 25 ಎಚ್‌ಪಿ ಮನೆಯಲ್ಲಿ ಬಿಟ್ಟು 9.9 ಕಟ್ಟಿಕೊಂಡು ಹೋದ ದಿನ, ನಿಮ್ಮ ಸ್ಪೇರೇ ಮೇನ್ ಆಗಿರುತ್ತೆ. ಅಂದು ಸ್ಪೇರ್ ಯಾವುದು? ಕಣ್ಣಳತೆಯಲ್ಲಿ ಇರುವ ಇನ್ನೊಂದು ದೋಣಿ. ಜೋಡಿಯಾಗಿ ಹೋಗುವ ಹಳೇ ರೂಢಿ ಬಿಡಬೇಡಿ, ಲೈಫ್ ಜಾಕೆಟ್ ಮನೆಯ ಮೊಳೆಗೆ ನೇತುಹಾಕಿ ಹೋಗಬೇಡಿ.
"ಇನ್ನೊಂದು ಎಂತಕ್ಕೆ?" ಅಂತ ಮನೆಯಲ್ಲಿ ಅಪ್ಪನೋ ಮಾವನೋ ಕೇಳಿದ್ರೆ, ಅಂದು ಇಳಿಸಿದ ಹಾಯಿಯ ಜಾಗ ಇನ್ನೂ ಖಾಲಿ ಉಂಟು ಅಂತ ಹೇಳಿ. ಆಮೇಲೆ 7ರಿಂದ 9ರವರೆಗಿನ ಭಾಗ ತೋರಿಸಿ, ಹಲಗೆ ಅಳೆಯೋಕೆ ಟೇಪ್ ಹಿಡಿದು ನೀವೇ ಜೊತೆಗೆ ಹೋಗಿ.
ಸೇವ್ ಮಾಡಿಟ್ಟುಕೊಳ್ಳಿ, ದೋಣಿ ಇರುವ ಗೆಳೆಯರಿಗೆ ಕಳಿಸಿ. ನಿಮ್ಮೂರಲ್ಲಿ ಹಾಯಿ ಕಟ್ಟಿ ಕಡಲಿಗೆ ಹೋದ ಅಜ್ಜ ಯಾರಾದ್ರೂ ಇದ್ರೆ ಅವರ ಹತ್ತಿರ ಕೂತು ಕೇಳಿ, ಕೇಳಿದ್ದನ್ನು ಕಾಮೆಂಟ್‌ನಲ್ಲಿ ಬರೆಯಿರಿ.

#ನಾಡದೋಣಿ #ಕರಾವಳಿ_ಇತಿಹಾಸ #ಕಡಲಕಥೆ