ಪ್ರತಿಜ್ಞೆಯೂ ಬೇಕು, ಗುಳಿಗಿಯೂ ಬೇಕು

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ದಾರು ಕುಡಿಯುವುದಿಲ್ಲ ಎಂಬುದೂ ಒಂದು. ನಮ್ಮ ಔರಾದದಾಗೂ ಅದನ್ನು ಹೇಳ್ತೀವಿ. ಆದರೆ ಕುಡಿತಕ್ಕೆ ಬಿದ್ದವನನ್ನು 'ಮಾತು ತಪ್ಪಿದವ' ಅಂತ ದೂರ ಮಾಡ್ತೀವಿ. ಅದು ರೋಗ, ಅದಕ್ಕೆ ಔಷಧ ಅದ.

ಅದರ ಇತಿಹಾಸ ಶುರುವಾದದ್ದು ಕೂಲಿಕಾರರ ಮೈಯಿಂದಲೇ. ರಬ್ಬರ್ ಉದ್ಯಮದ ಒಂದು ರಾಸಾಯನಿಕ ತಾಗಿದ ಕೆಲಸಗಾರರಿಗೆ ದಾರು ತಡೀತಿರಲಿಲ್ಲ, ಅಂತ 1937ರಲ್ಲಿ ಅಮೆರಿಕದ ವೈದ್ಯರೊಬ್ಬರು ಬರೆದರು. 1948ರಲ್ಲಿ ಡೆನ್ಮಾರ್ಕಿನ ಹಾಲ್ಡ್, ಯಾಕೋಬ್ಸೆನ್ ಎಂಬವರು ಡೈಸಲ್ಫಿರಾಮ್ ಗುಳಿಗಿಯ ಗುಣ ಪ್ರಕಟಿಸಿದರು. ಇದನ್ನು ನುಂಗಿದವ ಕುಡಿದರೆ ಮುಖ ಕೆಂಪಾಗಿ, ವಾಂತಿ ಬಂದು, ಎದೆ ಡವಡವ ಅಂತದ. 1994ರಲ್ಲಿ ಅಮೆರಿಕ ಒಪ್ಪಿದ ನಾಲ್ಟ್ರೆಕ್ಸೋನ್ ಬೇರೆ ತರಹ: ಅದು ಕುಡಿಯುವ ಚಟದ ಸೆಳೆತ ತಗ್ಗಿಸ್ತದ.

ಅಕ್ಕ-ತಂಗೀರೇ, ಡೈಸಲ್ಫಿರಾಮನ್ನು ಗಂಡನಿಗೆ ತಿಳಿಯದಂಗ ಸಾರಿನಾಗ ಹಾಕಬ್ಯಾಡ್ರಿ, ಜೀವಕ್ಕೇ ಕುತ್ತು. ಬಹಳ ವರ್ಷ ಕುಡಿದವ ಒಮ್ಮೆಲೇ ಬಿಟ್ಟರೂ ಕೈ ನಡುಕ, ಫಿಟ್ಸ್ ಬರಬಹುದು. ಡಾಕ್ಟರ್ ಮುಂದೆ ಖರೇ ಹೇಳಿಸಿ, ಅವರು ಹೇಳಿದಂಗ ಔಷಧ ಕೊಡಿಸ್ರಿ. ದಾರಿ ಕೇಳಲು ಟೆಲಿ-ಮಾನಸ್ 14416ಕ್ಕೆ ಪುಕ್ಕಟೆ ಫೋನ್ ಮಾಡಬಹುದು.

ಯುವಕರೇ, ಎಡವಿದವನಿಗೆ ಬೈಯುವುದು ಸುಲಭ. ಅವನ ಕೈ ಹಿಡಿದು ದವಾಖಾನಿಗೆ ಕರಕೊಂಡು ಹೋಗುವುದೂ ಪ್ರತಿಜ್ಞೆ ಪಾಲಿಸಿದಂಗ.