ಮೂರು ತಿಂಗಳ ‘ನರ್ಸ್’ ಕೋರ್ಸ್: ಸೇರುವ ಮುನ್ನ ತಿಳಿಯಬೇಕಾದದ್ದು

ಇಳಕಲ್‌ನಲ್ಲಿರೋ ನಮ್ಮ ಚಿಕ್ಕಪ್ಪನ ಮಗಳು ಪಿಯುಸಿ ಮುಗಿಸಿದ ವರ್ಷ ಒಂದು ಪಾಂಪ್ಲೆಟ್ ಹಿಡ್ಕೊಂಡು ಬಂದಿದ್ದಳು. ‘ಮೂರು ತಿಂಗಳಲ್ಲಿ ನರ್ಸ್ ಆಗಿ, ಕೆಲಸ ಗ್ಯಾರಂಟಿ’ ಅಂತ ಅದರಲ್ಲಿತ್ತು. ಸೀರೆ ನೇಯ್ಗೆಯ ಕೂಲಿಯಲ್ಲಿ ನಡೆಯೋ ಮನೆ ಅದು. ಚಿಕ್ಕಮ್ಮ ಸಂಘದಲ್ಲಿ ಸಾಲ ತೆಗೆದು ಫೀ ಕಟ್ಟಿದರು. ಕೋರ್ಸ್ ಮುಗಿಸಿ ಬಾಗಲಕೋಟೆಯ ಆಸ್ಪತ್ರೆಯೊಂದಕ್ಕೆ ಇಂಟರ್‌ವ್ಯೂಗೆ ಹೋದಾಗ ಕೇಳಿದ ಮೊದಲ ಪ್ರಶ್ನೆ, ‘ಕೌನ್ಸಿಲ್ ರಿಜಿಸ್ಟ್ರೇಷನ್ ನಂಬರ್ ಏನವಾ?’ ಅವಳ ಹತ್ರ ನಂಬರ್ ಇರಲಿಲ್ಲ. ಅಂಥದ್ದೊಂದು ಇರುತ್ತೆ ಅಂತ ಆ ಸಂಸ್ಥೆಯವರು ಹೇಳಿಯೂ ಇರಲಿಲ್ಲ.

ಬಾದಾಮಿ, ಹುನಗುಂದ ಕಡೆಯ ಗೆಳೆಯರು ಈಗಲೂ ತಂಗಿ-ತಮ್ಮಂದಿರ ಪರವಾಗಿ ನನ್ನನ್ನ ಕೇಳ್ತಾರೆ: ‘ಈ ಕೋರ್ಸಿಗೆ ಸೇರಿಸಬಹುದಾ?’ ಒಂದೇ ಮಾತಿನ ಉತ್ತರ ಇಲ್ಲ. ಹಾಗಾಗಿ ಇಲ್ಲಿ ಬರೆದಿಡ್ತಿದ್ದೇನೆ.

ಕೋರ್ಸ್‌ನಲ್ಲಿ ಕಲಿಸೋದೇನು?

ಇಂಥ ಅಲ್ಪಾವಧಿ ತರಬೇತಿಗಳಲ್ಲಿ ಹೆಚ್ಚು ಜನ ಸೇರೋದು ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ಕೋರ್ಸಿಗೆ. ಮನೆಯಲ್ಲಿ ವೃದ್ಧರು, ರೋಗಿಗಳನ್ನು ನೋಡಿಕೊಳ್ಳುವ ‘ಹೋಮ್ ಹೆಲ್ತ್ ಏಡ್’, ರಕ್ತದ ಮಾದರಿ ತೆಗೆಯುವ ‘ಫ್ಲೆಬಾಟಮಿಸ್ಟ್’ ಕೂಡ ಇದೇ ಸಾಲಿನವು. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಮತ್ತು ಗ್ರಾಮೀಣ ಬಡ ಯುವಜನರಿಗಾಗಿ 2014ರಲ್ಲಿ ಬಂದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ, ಎರಡರ ಅಡಿಯಲ್ಲೂ ಇಂಥ ತರಬೇತಿ ಉಚಿತ.

ಕಲಿಸೋದು ಸಣ್ಣ ಕೆಲಸ ಅಲ್ಲ. ಹಾಸಿಗೆ ಹಿಡಿದವರನ್ನು ಹೊರಳಿಸಿ ಮಲಗಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತೆ. ಕೈ ಸರಿಯಾಗಿ ತೊಳೆಯದಿದ್ದರೆ ಒಬ್ಬರ ಸೋಂಕು ಇನ್ನೊಬ್ಬರಿಗೆ ಹರಡುತ್ತೆ. ಬಳಸಿದ ಸೂಜಿಯನ್ನ ತಪ್ಪು ಡಬ್ಬಕ್ಕೆ ಹಾಕಿದರೆ ಕಸ ಎತ್ತುವವರ ಕೈಗೆ ಚುಚ್ಚುತ್ತೆ. ಸ್ನಾನ ಮಾಡಿಸೋದು, ಊಟ ಮಾಡಿಸೋದು, ಜ್ವರ ನೋಡಿ ಬರೆದಿಡೋದು, ಸ್ಟ್ರೆಚರ್‌ಗೆ ಸ್ಥಳಾಂತರಿಸೋದು, ಇವಿಲ್ಲದೆ ಯಾವ ವಾರ್ಡೂ ನಡೆಯಲ್ಲ.

ಇದು ನರ್ಸಿಂಗ್ ಅಲ್ಲ

ಎಎನ್‌ಎಂ 2 ವರ್ಷ, ಜಿಎನ್‌ಎಂ 3 ವರ್ಷ, ಬಿಎಸ್ಸಿ ನರ್ಸಿಂಗ್ 4 ವರ್ಷದ ಓದು. ಮಾನ್ಯತೆ ಇರುವ ಕಾಲೇಜಲ್ಲಿ ಇವನ್ನು ಮುಗಿಸಿದವರಿಗೆ ಮಾತ್ರ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಸಿಗುತ್ತೆ. ನನ್ನ ತಂಗಿಯನ್ನ ಕೇಳಿದ್ದು ಅದೇ ನಂಬರ್.

ಲ್ಯಾಬ್, ಎಕ್ಸ್‌ರೇ, ಆಪರೇಷನ್ ಥಿಯೇಟರ್ ತಂತ್ರಜ್ಞರಂಥವರ ವಿಷಯದಲ್ಲೂ ಹೀಗೇ. 2021ರ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ಸೇವಾ ವೃತ್ತಿಗಳ ಆಯೋಗದ ಕಾಯ್ದೆ ಪ್ರಕಾರ ‘ಸಹವರ್ತಿ ಆರೋಗ್ಯ ವೃತ್ತಿಪರ’ ಅನಿಸಿಕೊಳ್ಳಲು ಕನಿಷ್ಠ 2000 ಗಂಟೆಗಳ ಡಿಪ್ಲೊಮಾ ಅಥವಾ ಪದವಿ ಬೇಕು. ದಿನಕ್ಕೆ 6 ಗಂಟೆ, ತಿಂಗಳಿಗೆ 25 ದಿನ ಅಂತ ಹಿಡಿದರೂ ಮೂರು ತಿಂಗಳ ಕೋರ್ಸ್ 450 ಗಂಟೆ. ಕಾಲು ಭಾಗವೂ ಆಗಲ್ಲ.

ಫೀ ಕಟ್ಟುವ ಮುನ್ನ ನಾಲ್ಕು ಪ್ರಶ್ನೆ

1. ಸರ್ಕಾರಿ ಯೋಜನೆ ಅಂತ ಹೇಳಿ ದುಡ್ಡು ಕೇಳ್ತಿದ್ದಾರಾ? ಹಾಗಿದ್ದರೆ ಅಲ್ಲೇ ಅನುಮಾನ ಪಡಿ.

2. ಸರ್ಟಿಫಿಕೇಟ್ ಕೊಡೋರು ಯಾರು? ಎನ್‌ಸಿವಿಇಟಿ ಮಾನ್ಯತೆ ಇದೆಯಾ? ಸ್ಕಿಲ್ ಇಂಡಿಯಾ ಡಿಜಿಟಲ್ ಹಬ್‌ನಲ್ಲಿ ಕೋರ್ಸ್, ಕೇಂದ್ರ ಎರಡನ್ನೂ ಹುಡುಕಿ ನೋಡಿ.

3. ಪ್ರಾಕ್ಟಿಕಲ್ ಯಾವ ಆಸ್ಪತ್ರೆಯಲ್ಲಿ, ಎಷ್ಟು ದಿನ? ಬಾಗಲಕೋಟೆಯಲ್ಲಿ ಜಿಲ್ಲಾಸ್ಪತ್ರೆ ಇದೆ, ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ ಇದೆ. ಬಾದಾಮಿ, ಹುನಗುಂದದಲ್ಲಿ ತಾಲೂಕು ಆಸ್ಪತ್ರೆಗಳಿವೆ. ನಿಜವಾದ ವಾರ್ಡಿಗೆ ಕರ್ಕೊಂಡು ಹೋಗದೆ ಬರೀ ಗೊಂಬೆ ಮೇಲೆ ಕಲಿಸೋ ಕೋರ್ಸ್ ಬೇಡ.

4. ಕೆಲಸ ಕೊಡಿಸ್ತೀವಿ ಅಂದರೆ ಯಾವ ಊರಲ್ಲಿ, ಎಷ್ಟು ಸಂಬಳಕ್ಕೆ? ಬರವಣಿಗೆಯಲ್ಲಿ ಕೇಳಿ. ಬೆಂಗಳೂರಿನ ರೂಮ್ ಬಾಡಿಗೆ ಕಳೆದ ಮೇಲೆ ಕೈಯಲ್ಲಿ ಏನು ಉಳಿಯುತ್ತೆ ಅಂತ ಮನೆಯಲ್ಲೇ ಲೆಕ್ಕ ಹಾಕಿ. ಆಸ್ಪತ್ರೆ, ನರ್ಸಿಂಗ್ ಹೋಮ್‌ ನೌಕರರಿಗೂ ಕನಿಷ್ಠ ವೇತನದ ಹಕ್ಕಿದೆ ಅನ್ನೋದು ನೆನಪಿರಲಿ.

ಪಿಯುಸಿ ಪಾಸಾಗಿ, ಎರಡು ವರ್ಷ ಓದೋಕೆ ಮನೆಯಲ್ಲಿ ಸಾಧ್ಯ ಇದ್ದರೆ ಎಎನ್‌ಎಂ ನೋಡಿ. ಈಗಲೇ ದುಡಿಯಲೇಬೇಕು ಅನ್ನೋ ಸ್ಥಿತಿ ಇದ್ದರೆ ಉಚಿತ ಅಲ್ಪಾವಧಿ ಕೋರ್ಸ್ ಕೆಟ್ಟ ಆಯ್ಕೆ ಅಲ್ಲ. ಆದರೆ ಸಾಲ ಮಾಡಿ ಬೇಡ.

ಮುಂದಿನ ಮೆಟ್ಟಿಲು ಎಲ್ಲಿ?

ಸುಳ್ಳು ಜಾಹೀರಾತು ಸಮಸ್ಯೆಯ ಅರ್ಧ ಮಾತ್ರ. ಇನ್ನರ್ಧ ಸರ್ಕಾರಗಳದ್ದು. ಕೋವಿಡ್ ಎರಡನೇ ಅಲೆಯ ಹೊತ್ತಲ್ಲಿ ಆಸ್ಪತ್ರೆಗಳಿಗೆ ಕೈಗಳು ಸಾಲದಾದಾಗ, 2021ರ ಜೂನ್ 18ರಂದು ಕೇಂದ್ರ ಸರ್ಕಾರ 1 ಲಕ್ಷ ಜನರಿಗೆ ತರಬೇತಿ ಕೊಡುವ ಕ್ರ್ಯಾಶ್ ಕೋರ್ಸ್ ಶುರು ಮಾಡಿತು. ಎರಡು-ಮೂರು ತಿಂಗಳಲ್ಲಿ ತಯಾರಾಗೋ ಇವರಿಗೆ ಇಟ್ಟ ಹೆಸರು ‘ಕೋವಿಡ್ ವಾರಿಯರ್ಸ್’. ಅಂದರೆ ಈ ಕೆಲಸದ ಬೆಲೆ ಸರ್ಕಾರಕ್ಕೆ ಗೊತ್ತು. ಆದರೂ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಹಂತದ ಕೆಲಸಗಳು ಬಹಳಷ್ಟು ಹೊರಗುತ್ತಿಗೆಯಲ್ಲೇ ಇವೆ. ರಾಜ್ಯದ ಯುವನಿಧಿ ಇರೋದು ಪದವಿ, ಡಿಪ್ಲೊಮಾ ಆದವರಿಗೆ. ಮೂರು ತಿಂಗಳ ಸರ್ಟಿಫಿಕೇಟು ಅಲ್ಲಿ ಲೆಕ್ಕಕ್ಕಿಲ್ಲ.

ದಾರಿ ಇಲ್ಲ ಅಂತಲ್ಲ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಕೌಶಲ ತರಬೇತಿಯ ಗಂಟೆಗಳನ್ನೂ ಕ್ರೆಡಿಟ್ ಆಗಿ ಎಣಿಸಬಹುದು ಅನ್ನುತ್ತೆ: 30 ಗಂಟೆಗೆ 1 ಕ್ರೆಡಿಟ್. ಆ ಲೆಕ್ಕದಲ್ಲಿ ನನ್ನ ತಂಗಿಯ 450 ಗಂಟೆ ಅಂದರೆ 15 ಕ್ರೆಡಿಟ್. ವಾರ್ಡಿನಲ್ಲಿ ಎರಡು ವರ್ಷ ದುಡಿದವಳಿಗೆ ಎಎನ್‌ಎಂ ಸೀಟಿನಲ್ಲಿ ಆದ್ಯತೆ, ಓದುವಾಗ ಸ್ಟೈಪೆಂಡ್, ಈಗಾಗಲೇ ಕಲಿತ ಪಾಠಕ್ಕೆ ಕ್ರೆಡಿಟ್ ಕೊಡಿ ಅಂತ ನಾವು ಕೇಳಬೇಕಿದೆ. ಪ್ರತಿ ಚುನಾವಣೆಯಲ್ಲೂ ‘ಯುವಕರಿಗೆ ಕೌಶಲ’ ಅಂತ ಬರೋರ ಹತ್ತಿರ, ಎಷ್ಟು ಜನರಿಗೆ ತರಬೇತಿ ಕೊಟ್ಟಿರಿ ಅಂತ ಕೇಳಿ ಬಿಡಬೇಡಿ. ಅವರಲ್ಲಿ ಎಷ್ಟು ಜನ ಮುಂದಿನ ಮೆಟ್ಟಿಲು ಹತ್ತಿದರು ಅಂತಲೂ ಕೇಳಿ.

ತಂಗಿ ಈಗ ಒಂದು ನರ್ಸಿಂಗ್ ಹೋಮ್‌ನಲ್ಲಿ ನೈಟ್ ಶಿಫ್ಟ್ ಮಾಡ್ತಾಳೆ. ‘ಕೆಲ್ಸ ಚಲೋ ಕಲಿಸ್ಯಾರ, ಸುಳ್ಳ ಹೇಳಂಗಿಲ್ಲ. ನರ್ಸ್ ಅಂತ ಹೇಳಿದ್ದಷ್ಟ ಸುಳ್ಳ’ ಅಂತಾಳೆ. ಸಂಘದ ಸಾಲ ಇನ್ನೂ ತೀರಿಲ್ಲ.