ಕ್ವಾಂಟಂ ಗಣಕದ ಘಟಕಗಳಾಗಿ ಕಾಂತೀಯ ಅಣುಗಳು: ಬೆಂಗಳೂರಿನ ಎರಡು ಸಂಶೋಧನಾ ಧಾರೆಗಳು

ಕ್ವಾಂಟಂ ಗಣಕದ ಮೂಲ ಘಟಕವಾದ ಕ್ಯೂಬಿಟ್, ಸೊನ್ನೆ ಮತ್ತು ಒಂದು ಎಂಬ ಸ್ಥಿತಿಗಳೆರಡೂ ನಿರ್ದಿಷ್ಟ ಪ್ರಮಾಣದಲ್ಲಿ ಕೂಡಿರುವ ಅಧ್ಯಾರೋಪ ಸ್ಥಿತಿಯಲ್ಲಿ ಇರಬಲ್ಲದು. ಆ ಸ್ಥಿತಿ ಕೆಡದೆ ಉಳಿಯುವ ಅವಧಿಯನ್ನು ಸಂಸಕ್ತಿಕಾಲ ಎನ್ನಲಾಗುತ್ತದೆ. ಕ್ಯೂಬಿಟ್ ತನ್ನ ಪರಿಸರದಿಂದ ಬೇರ್ಪಟ್ಟಿದ್ದಷ್ಟೂ ಈ ಕಾಲ ಹೆಚ್ಚುತ್ತದೆಯಾದರೂ, ಗಣನೆ ನಡೆಯಬೇಕಾದರೆ ಅದನ್ನು ಹೊರಗಿನಿಂದ ನಿಯಂತ್ರಿಸುವುದೂ ನೆರೆಯ ಕ್ಯೂಬಿಟ್‌ಗಳೊಡನೆ ಬೆಸೆಯುವುದೂ ಅನಿವಾರ್ಯ. ಪರಸ್ಪರ ವಿರುದ್ಧವಾದ ಈ ಅಗತ್ಯಗಳನ್ನು ಸಂಶ್ಲೇಷಣೆಯ ಹಂತದಲ್ಲಿಯೇ ಹೊಂದಿಸಲು ಅವಕಾಶ ನೀಡುವುದು ಕಾಂತೀಯ ಅಣುಗಳ ವೈಶಿಷ್ಟ್ಯವೆಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

ಈ ವರ್ಗದ ಪ್ರಸಿದ್ಧ ಅಣುವಾದ ಮ್ಯಾಂಗನೀಸ್-12 ಅಸಿಟೇಟ್‌ನಲ್ಲಿ ಹನ್ನೆರಡು ಲೋಹ ಅಯಾನುಗಳ ಗಿರಕಿಗಳು, ಅಂದರೆ ಕಾಂತಗುಣಕ್ಕೆ ಮೂಲವಾದ ಎಲೆಕ್ಟ್ರಾನುಗಳ ಸಹಜ ಕೋನೀಯ ಸಂವೇಗಗಳು, ಕೂಡಿ ಒಟ್ಟು ಗಿರಕಿ 10 ಆಗುತ್ತದೆ. ಅತಿ ಕಡಿಮೆ ತಾಪದಲ್ಲಿ ಇದರ ಒಂದೊಂದು ಅಣುವೂ ಸ್ವತಂತ್ರ ಕಾಂತದಂತೆ ವರ್ತಿಸುವುದನ್ನು 1993ರಲ್ಲಿ ಸೆಸೋಲಿ, ಗಟೆಸ್ಕಿ ಮತ್ತು ಸಹೋದ್ಯೋಗಿಗಳು ತೋರಿಸಿದರು. ಒಟ್ಟು ಗಿರಕಿಯಿಂದ ಉಂಟಾಗುವ 21 ಶಕ್ತಿಮಟ್ಟಗಳ ನಡುವಿನ ಅಂತರ ಸಮವಾಗಿಲ್ಲದ ಕಾರಣ, ಬೇರೆಬೇರೆ ಆವರ್ತನದ ಸ್ಪಂದಗಳಿಂದ ಅವನ್ನು ಪ್ರತ್ಯೇಕವಾಗಿ ನಿಯಂತ್ರಿಸಿ ಗ್ರೋವರ್‌ನ ಶೋಧನಾ ಕ್ರಮವಿಧಿಯನ್ನು ನಡೆಸಬಹುದೆಂದು 2001ರಲ್ಲಿ ಲಾಯೆನ್‌ಬರ್ಗರ್ ಮತ್ತು ಲಾಸ್ ಸೂಚಿಸಿದರು.

ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ರಾಮಶೇಷ, ದಿಪ್ತಿಮಾನ್ ಸೇನ್ ಮತ್ತು ಸಹಲೇಖಕರು ಮ್ಯಾಂಗನೀಸ್, ಕಬ್ಬಿಣ ಹಾಗೂ ವನೇಡಿಯಂ ಅಣುಗುಚ್ಛಗಳ ಕೆಳ ಶಕ್ತಿಮಟ್ಟಗಳನ್ನು ಕುರಿತ ನಿಖರ ಗಣನೆಗಳನ್ನು ಪ್ರಕಟಿಸಿದರು. ಮ್ಯಾಂಗನೀಸ್-12ರಲ್ಲಿ ಎಂಟು ಅಯಾನುಗಳ ಗಿರಕಿ 2, ಉಳಿದ ನಾಲ್ಕರದು 3/2 ಆಗಿರುವುದರಿಂದ ಸಾಧ್ಯ ಸ್ಥಿತಿಗಳ ಸಂಖ್ಯೆ 10 ಕೋಟಿಯಾಗುತ್ತದೆ. ಅಣುವಿನ ಸಮಮಿತಿಯನ್ನು ಬಳಸಿ ಸಮಸ್ಯೆಯನ್ನು ಚಿಕ್ಕ ಭಾಗಗಳಾಗಿ ಒಡೆಯದೆ ಇಂಥ ಗಣನೆ ಕೈಗೂಡುವಂತಿರಲಿಲ್ಲ.

ಇದೇ ಸಂಸ್ಥೆಯ ಮತ್ತೊಂದು ಧಾರೆ ಪ್ರಾಯೋಗಿಕವಾದುದು. ದ್ರವದಲ್ಲಿನ ಅಣುಗಳ ಪರಮಾಣು ಬೀಜಗಳನ್ನೇ ಕ್ಯೂಬಿಟ್‌ಗಳಾಗಿಸಿಕೊಂಡು, ರೇಡಿಯೋ ಸ್ಪಂದಗಳಿಂದ ಅವುಗಳ ಗಿರಕಿಯನ್ನು ನಡೆಸುವ ಎನ್‌ಎಂಆರ್ ವಿಧಾನದಲ್ಲಿ ಡಾಯ್ಚ್-ಜೋಸಾ ಕ್ರಮವಿಧಿಯನ್ನು ಸಾಧಿಸಿದ ಲೇಖನವನ್ನು ಕವಿತಾ ದೊರೈ, ಅರವಿಂದ್ ಮತ್ತು ಅನಿಲ್ ಕುಮಾರ್ 2000ದಲ್ಲಿ ಪ್ರಕಟಿಸಿದರು. ಕೊಠಡಿ ತಾಪದಲ್ಲಿ ಬೀಜಗಳ ಗಿರಕಿಗಳು ಬಹುಪಾಲು ಅಸ್ತವ್ಯಸ್ತವಾಗಿರುವುದರಿಂದ, ಕ್ಯೂಬಿಟ್‌ಗಳು ಹೆಚ್ಚಿದಂತೆ ಸಂಕೇತ ಕ್ಷೀಣಿಸುವುದು ಈ ವಿಧಾನದ ಮಿತಿ. ಎಲೆಕ್ಟ್ರಾನಿನ ಕಾಂತೀಯ ಮಹತ್ವ ಪ್ರೋಟಾನಿನದಕ್ಕಿಂತ ಸುಮಾರು 660 ಪಟ್ಟು ಹೆಚ್ಚಾಗಿದ್ದು, ಅದರ ಗಿರಕಿಯನ್ನು ಒಂದೇ ದಿಕ್ಕಿಗೆ ತರುವುದು ಅಷ್ಟರಮಟ್ಟಿಗೆ ಸುಲಭವಾಗುವುದರಿಂದ ಕಾಂತೀಯ ಅಣುಗಳು ಇಲ್ಲಿ ಮೇಲುಗೈ ಪಡೆಯುತ್ತವೆ.

ಆದರೆ ಅದೇ ಎಲೆಕ್ಟ್ರಾನ್ ಸುತ್ತಲಿನ ಹೈಡ್ರೋಜನ್ ಬೀಜಗಳ ಕಾಂತೀಯ ಗದ್ದಲಕ್ಕೂ ಬೇಗ ಒಳಗಾಗುತ್ತದೆ. ಕ್ರೋಮಿಯಂ-ನಿಕಲ್ ಉಂಗುರಾಕಾರದ ಅಣುವಿನಲ್ಲಿ ಹೈಡ್ರೋಜನ್ನಿನ ಬದಲು ಡ್ಯುಟೀರಿಯಂ ಇರಿಸಿದ ಅರ್ಡಾವನ್ ತಂಡ 2007ರಲ್ಲಿ 1.8 ಕೆಲ್ವಿನ್ ತಾಪದಲ್ಲಿ 3.8 ಮೈಕ್ರೋಸೆಕೆಂಡಿನ ಸಂಸಕ್ತಿಕಾಲವನ್ನು ಪಡೆಯಿತು; 2015ರಲ್ಲಿ, ಬೀಜಗಿರಕಿಯಿಲ್ಲದ ಇಂಗಾಲ ಮತ್ತು ಗಂಧಕಗಳೇ ಪ್ರಧಾನವಾಗಿ ಸುತ್ತುವರಿದ ವನೇಡಿಯಂ ಸಂಕೀರ್ಣದಲ್ಲಿ ಅದು 10 ಕೆಲ್ವಿನ್‌ನಲ್ಲಿ ಸುಮಾರು 0.7 ಮಿಲಿಸೆಕೆಂಡಿಗೆ ಏರಿತು.

ಈ ಏರಿಕೆಗೆ ಅಣುವಿನ ರಚನೆಯಲ್ಲಿ ಮಾಡಿದ ಆಯ್ಕೆಯೇ ಮುಖ್ಯ ಕಾರಣವೆಂಬುದು ಗಮನಾರ್ಹ. ಯಾವ ಅಣುವನ್ನು ತಯಾರಿಸಬೇಕೆಂಬುದನ್ನು ನಿಖರ ಗಣನೆಯೂ, ತಯಾರಾದ ಅಣುವನ್ನು ಹೇಗೆ ನಡೆಸಬೇಕೆಂಬುದನ್ನು ಸ್ಪಂದಗಳ ಪರಿಣತಿಯೂ ತಿಳಿಸಬಲ್ಲವಾದ್ದರಿಂದ, ಬೆಂಗಳೂರಿನಲ್ಲಿ ಬಹುಮಟ್ಟಿಗೆ ಬೇರೆಬೇರೆಯಾಗಿ ಬೆಳೆದ ಈ ಎರಡು ಧಾರೆಗಳು ಸಂಶ್ಲೇಷಣಾ ರಸಾಯನಶಾಸ್ತ್ರದೊಡನೆ ಕೂಡುವೆಡೆಯಲ್ಲಿಯೇ ಅಣುಆಧಾರಿತ ಕ್ವಾಂಟಂ ಗಣಕದ ಮುಂದಿನ ಹೆಜ್ಜೆಯನ್ನು ನಿರೀಕ್ಷಿಸುವುದು ಯುಕ್ತ.